ಮೂರು ಸಲ ಕೂಗಿದ ಹೆಸರು

ಪೂನಮಳನ್ನು ನಾನು ಮೊದಲು ನೋಡಿದ್ದು ತೂಕದ ಯಂತ್ರದ ಮೇಲೆ. ಬೀದರಿನಲ್ಲಿ ಪ್ರೌಢಶಾಲೆಗಳ ಜಿಲ್ಲಾ ಮಟ್ಟದ ಕುಸ್ತಿ. ಅವಳು ಔರಾದದಿಂದ ಬಂದಿದ್ದಳು, ನಾನು ಭಾಲ್ಕಿಯಿಂದ. ಇಬ್ಬರೂ ಹತ್ತನೇ ತರಗತಿ. ನಲವತ್ತಾರು ಕಿಲೋ ವಿಭಾಗಕ್ಕೆ ಇಡೀ ಜಿಲ್ಲೆಯಲ್ಲಿ ನಾವಿಬ್ಬರೇ ಹುಡುಗಿಯರು.

ನನ್ನ ತೂಕ ಬರೆದುಕೊಂಡದ್ದನ್ನು ಅವಳು ಬಗ್ಗಿ ನೋಡಿದಳು. ಮನೆಗೆ ಬಂದ ಬೀಗರನ್ನು ನೋಡಿ ನಗುವ ಹಾಗೆ ನಕ್ಕಳು.

"ಭಾಲ್ಕಿಯಾಕಿ ನೀನೇ ಏನು? ಎಷ್ಟು ಕಾಯಿಸಿದೆವ್ವಾ."

ಅವಳು ಹಾಗೆ ಅಂದದ್ದಕ್ಕೆ ಕಾರಣವಿತ್ತು. ಎಂಟನೇ ತರಗತಿಯಲ್ಲೂ ಒಂಬತ್ತನೇ ತರಗತಿಯಲ್ಲೂ ಅವಳ ತೂಕಕ್ಕೆ ಬೇರೆ ಯಾವ ಹುಡುಗಿಯೂ ಹೆಸರು ಕೊಟ್ಟಿರಲಿಲ್ಲ. ಜೋಡಿ ಸಿಗದೆ ಒಂದೇ ಚೀಟಿ ಉಳಿದರೆ ಅದಕ್ಕೆ ಬೈ ಅನ್ನುತ್ತಾರೆ. ಆ ಚೀಟಿಯವರು ಆಡದೆಯೇ ಮುಂದೆ ಹೋಗುತ್ತಾರೆ. ಪೂನಮ ಎರಡು ವರ್ಷ ಹೀಗೆ ಜಿಲ್ಲೆಗೆ ಪ್ರಥಮ ಬಂದಿದ್ದಳು. ಎರಡು ವರ್ಷವೂ ಮುಂದಿನ ಹಂತಕ್ಕೆ ಕಲಬುರಗಿಗೆ ಹುಡುಗಿಯರನ್ನು ಕರೆದುಕೊಂಡು ಹೋಗುವವರು ಯಾರೂ ಸಿಗಲಿಲ್ಲ. ಅಲ್ಲಿಯವರೆಗೆ ಅವಳು ಹಿಡಿದದ್ದೆಲ್ಲ ಅಣ್ಣ ನಾಗಸೇನನ ಕೈ. ತನ್ನಷ್ಟೇ ತೂಕದ, ತನ್ನಷ್ಟೇ ವಯಸ್ಸಿನ ಒಬ್ಬಳ ಜೊತೆ ಒಂದು ಖರೇ ಕುಸ್ತಿ ಆಗಬೇಕು ಅನ್ನುವುದೊಂದೇ ಅವಳ ಆಸೆಯಾಗಿತ್ತು.

ನನ್ನದು ಬೇರೆ ಕಥೆ. ಶಾಲೆಯ ಪಟ್ಟಿಯಲ್ಲಿ ಖಾಲಿ ಜಾಗ ಇರಬಾರದೆಂದು ಪಿ.ಟಿ. ಗುರುನಾಥ ಸರ್ ನನ್ನ ಹೆಸರು ಸೇರಿಸಿದ್ದರು. ಹದಿನೈದು ದಿನ ಉಸುಕಿನಲ್ಲಿ ಕಲಿಸಿದ್ದರು. ನೀಲಿ ಕುಸ್ತಿ ಉಡುಪು ತೊಟ್ಟು, ಮೇಲೆ ಶಾಲೆಯ ಅಂಗಿ ಹಾಕಿಕೊಂಡು ಕೂತಿದ್ದೆ. ಪೂನಮಳ ಕತ್ತು ನೋಡಿದೆ, ಸುತ್ತ ಕೂತ ಹುಡುಗರನ್ನು ನೋಡಿದೆ. ಎದ್ದು ಹೋಗಿ ನೀರಿನ ಟಾಕಿಯ ಹಿಂದೆ ನಿಂತೆ.

ಮೈಕಿನಲ್ಲಿ ಉಸ್ಮಾನ ಮಿಯಾ ಇದ್ದರು. ನಿವೃತ್ತ ಪಿ.ಟಿ. ಮಾಸ್ತರು, ಜಿಲ್ಲೆಯಲ್ಲಿ ಎಲ್ಲೇ ಕುಸ್ತಿ ಇದ್ದರೂ ಹೆಸರು ಕೂಗುವವರು ಅವರೇ. ಎದುರಾಳಿ ಬರದಿದ್ದರೆ ಹೆಸರನ್ನು ಮೂರು ಸಲ ಕೂಗಬೇಕು, ನಡುವೆ ಅರ್ಧರ್ಧ ನಿಮಿಷ ಬಿಡಬೇಕು. ಬಂದವಳು ಅಷ್ಟು ಹೊತ್ತೂ ಮ್ಯಾಟಿನ ಮೇಲೆ ಒಬ್ಬಳೇ ನಿಂತಿರಬೇಕು. "ಭಾಲ್ಕಿ, ಸಾನಿಕಾ" ಅಂತ ಅವರು ಮೂರು ಸಲ ಕೂಗಿದರು. ಮೂರು ಸಲವೂ ನನಗೆ ಕೇಳಿಸಿತು. ಆಮೇಲೆ ರೆಫರಿ ಸೀಟಿ ಊದಿದರು. ಪೂನಮಳ ಕೈ ಎತ್ತಿದರು. ವಾಕೋವರ್.

ಆ ವರ್ಷ ಅವಳು ಕಲಬುರಗಿಗೆ ಹೋಗಿ ನಲವತ್ತು ಸೆಕೆಂಡಿನಲ್ಲಿ ಚಿತ್ ಆಗಿ ಸೋತು ಬಂದಳು.

ಮೂರು ವರ್ಷದ ಮೇಲೆ ಓದಲೆಂದು ಇಬ್ಬರೂ ಬೀದರಿಗೆ ಬಂದೆವು. ನೌಬಾದದಲ್ಲಿ ಒಂದೇ ಬಾಡಿಗೆ ಕೋಣೆ ಪಾಲಿಗೆ ಬಂತು. ಗುರುತು ಹಿಡಿದ ಮೊದಲ ದಿನವೇ ನಾನು, ಅವತ್ತು ಹೊರಗೆ ಹೋಗಿದ್ದೆ, ಮೈಕು ಕೇಳಿಸಲಿಲ್ಲ ಅಂತ ಸುಳ್ಳು ಹೇಳಿದೆ. ಅವಳು ಹೌದೇನು ಅಂದಳು. ಒಂದು ವರ್ಷ ಕಳೆದ ಮೇಲೆ ಒಂದು ಸಂಜೆ, ಅಕ್ಕಿ ಆರಿಸುತ್ತ, ತಲೆ ಎತ್ತದೆ ಹೇಳಿದಳು.

"ನೀ ಟಾಕಿ ಹಿಂದ ನಿಂತಿದ್ದಿ. ನಿನ್ನ ಕೆಂಪ ರಿಬ್ಬನ್ ಕಾಣಸ್ತಿತ್ತು. ಮೂರು ಸಲ ಕೂಗೂ ತನಕ ನಾ ಅದನ್ನೇ ನೋಡ್ಕೋತ ನಿಂತಿದ್ದೆ."

"ಮತ್ತ ಅವರಿಗೆ ಯಾಕ ಹೇಳಲಿಲ್ಲ?"

"ಹೇಳಿದ್ರ ನಿನ್ನ ಹಿಡಕೊಂಡು ತರ್ತಿದ್ರು. ಹಂಗ ಬಂದಾಕಿ ಜೋಡಿ ಏನು ಕುಸ್ತಿ?" ಒಂದು ಹರಳು ತೆಗೆದು ಬದಿಗೆ ಹಾಕಿದಳು. "ಬೈ ಬಂದ್ರ ಸಿಟ್ಟು ಬರೂದಿಲ್ಲ ಸಾನಿಕಾ. ಅಲ್ಲಿ ಯಾರೂ ಇರೂದೇ ಇಲ್ಲ. ವಾಕೋವರ್ ಅಂದ್ರ ಇದ್ದೂ ಬರಲಿಲ್ಲ ಅಂತ. ನನ್ನ ಕುಸ್ತಿ ನಿನ್ನ ಕಡೆ ಉಳದದ ನೋಡು."

ಆ ಮಾತನ್ನು ಅವಳು ಬಿಡಲಿಲ್ಲ. ರಜೆಯ ದಿನ ಗಾದಿ ಹಾಸಿ, ಬಾ ಅನ್ನುತ್ತಿದ್ದಳು. ನನಗೆ ಪರೀಕ್ಷೆ ಇರುತ್ತಿತ್ತು, ಇಲ್ಲವೆ ಸೊಂಟ ನೋವು. ಅಂಜುಬುರುಕಿಗೆ ನೆವಗಳ ಬರವಿಲ್ಲ ಅಂತ ಅವಳು ನಗುತ್ತಿದ್ದಳು. ಅಂಜಿಕೆ ಹೋಗಿ ಬಹಳ ದಿನವಾಗಿತ್ತು ಅನ್ನುವುದನ್ನು ನಾನು ಅವಳಿಗೆ ಹೇಳಲೇ ಇಲ್ಲ. ಕುಸ್ತಿ ಮುಗಿದರೆ ಅವಳು ನನಗಾಗಿ ಕಾಯುವುದೂ ಮುಗಿಯುತ್ತದೆ. ಅದು ಮುಗಿಯುವುದು ನನಗೆ ಬೇಕಿರಲಿಲ್ಲ.

ಓದು ಮುಗಿಸಿ ಅವಳು ಔರಾದದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಆದಳು. ನಾನು ಬೀದರಿನಲ್ಲೇ ಕನ್ನಡ ಕಲಿಸುತ್ತೇನೆ. ಅಕ್ಷರ ದುಂಡಗಿದೆಯೆಂದು ಪ್ರತಿ ವರ್ಷ ಕುಸ್ತಿಯ ಪ್ರಮಾಣಪತ್ರ ಬರೆಯಲು ನನ್ನನ್ನು ಕೂರಿಸುತ್ತಾರೆ. ಅವಳು ತನ್ನ ಹುಡುಗಿಯರನ್ನು ಕರೆದುಕೊಂಡು ಬರುತ್ತಿದ್ದಳು. ಅಷ್ಟೇ ಅಲ್ಲ, ಸಂತಪುರ, ಕಮಲನಗರದ ಶಾಲೆಗಳಿಗೆ ಹೋಗಿ ತನ್ನ ಹುಡುಗಿಯರಿಗೆ ಎದುರಾಳಿಗಳನ್ನೂ ತಾನೇ ಹುಡುಕಿ ಹೆಸರು ಕೊಡಿಸುತ್ತಿದ್ದಳು. ಪುಕ್ಕಟೆ ಬರುವ ಪದಕಕ್ಕೆ ಯಾಕೆ ಕಲ್ಲು ಹಾಕುತ್ತೀರಿ ಅಂತ ಅವಳ ಹೆಡ್ ಮಾಸ್ತರು ಬೇಸರ ಮಾಡಿಕೊಂಡಿದ್ದರಂತೆ. ಕೊನೆಯ ಜೋಡಿ ಮುಗಿದ ಮೇಲೆ ಚಪ್ಪಲಿ ಬಿಟ್ಟು ಮ್ಯಾಟಿನ ಅಂಚಿಗೆ ನಿಂತು ಅವಳು ನನ್ನ ಕಡೆ ನೋಡುತ್ತಿದ್ದಳು. ನಾನು ಸೀರೆ ತೋರಿಸುತ್ತಿದ್ದೆ, ಬಸ್ಸಿನ ಹೊತ್ತು ಹೇಳುತ್ತಿದ್ದೆ. ಆರು ವರ್ಷ ಹೀಗೇ ನಡೆಯಿತು.

ಹೋದ ವರ್ಷ ಮಳೆಗಾಲದಲ್ಲಿ ಅವಳಿಗೆ ಡೆಂಗಿ ಬಂತು. ಎಂಟು ದಿನ. ಅಷ್ಟೇ.

ಔರಾದದಲ್ಲಿ ಅವಳ ಅಂತ್ಯಕ್ರಿಯೆಯ ಬುದ್ಧ ವಂದನೆ ಮುಗಿದ ಮೇಲೆ ತಾಯಿ ಕೇಶರಬಾಯಿ ನನ್ನನ್ನು ಒಳಗೆ ಕರೆದರು. ಗೋಡೆಯ ಮೇಲೆ ಚೌಕಟ್ಟು ಹಾಕಿದ ಒಂದೇ ಪ್ರಮಾಣಪತ್ರ ಇತ್ತು. ಕಲಬುರಗಿಯದು, ಭಾಗವಹಿಸಿದ್ದಕ್ಕೆ ಕೊಟ್ಟದ್ದು. ಪ್ರಥಮ ಅಂತ ಬರೆದ ಮೂರನ್ನೂ ಅವಳು ಜೋಳದ ಡಬ್ಬಿಯ ಕೆಳಗೆ ಹಾಸಿಟ್ಟಿದ್ದಳಂತೆ. ಅವಳು ಸೋತು ಬಂದ ದಿನ ಊರೆಲ್ಲ ಸಕ್ಕರೆ ಹಂಚಿದಳು ಅಂತ ಕೇಶರಬಾಯಿ ಹೇಳಿದರು. ಯಾಕವ್ವಾ ಅಂದರೆ, ಒಬ್ಬಾಕಿ ನನ್ನ ಕೈ ಹಿಡದಳು ಅಂದಳಂತೆ.

ಈ ವರ್ಷವೂ ನಾನು ಪ್ರಮಾಣಪತ್ರ ಬರೆಯಲು ಕೂತೆ. ಔರಾದದಿಂದ ಪೂನಮಳ ವಿದ್ಯಾರ್ಥಿನಿ ಮಹಾಮಾಯಾ ಬಂದಿದ್ದಳು. ಎದುರಾಳಿಯ ಹೆಸರು ಪಟ್ಟಿಯಲ್ಲಿತ್ತು, ಹುಡುಗಿ ಬರಲಿಲ್ಲ. ಉಸ್ಮಾನ ಮಿಯಾಗೆ ಈಗ ದನಿ ನಡುಗುತ್ತದೆ. ಮೂರು ಸಲ ಕೂಗಿದರು. ನಾನು ತಲೆ ಬಗ್ಗಿಸಿಯೇ ಇದ್ದೆ. ಮಹಾಮಾಯಾಳ ಕೈ ಎತ್ತಿದರು. ಅವಳ ಹೆಸರು ಬರೆದು, ಪ್ರಥಮ ಅಂತ ಸೇರಿಸಿ, ಮೇಜಿನ ಹತ್ತಿರ ಬಂದವಳಿಗೆ ಕೊಡಲು ಹೋದೆ. ಅವಳು ಕೈ ಚಾಚಲಿಲ್ಲ.

"ಆಮ್ಯಾಲ ಕೊಡ್ರಿ ಮೇಡಂ. ವಾಕೋವರ್ ಬಂದ್ರ ಯಾರದರ ಜೋಡಿ ಒಂದು ಸಲ ಹಿಡದ ಮ್ಯಾಲೇ ತಗೋಬೇಕಂತ ನಮ್ಮ ಟೀಚರ್ ಹೇಳ್ಯಾರ್ರಿ."

ಯಾರ ಜೊತೆ ಅಂತ ಕೇಳಿದೆ. ಟೀಚರ್ ಇದ್ದಾಗ ಅವರೇ ಹಿಡಿಯುತ್ತಿದ್ದರು ಅಂದಳು. ಆಮೇಲೆ ಯಾರನ್ನೂ ನೋಡದೆ ನಿಂತಳು.

ಊಟದ ಹೊತ್ತಾಗಿತ್ತು, ಮ್ಯಾಟು ಖಾಲಿಯಿತ್ತು. ಪೆನ್ನಿನ ಟೋಪಿ ಹಾಕಿದೆ. ಚಪ್ಪಲಿ ಬಿಟ್ಟೆ, ಸೆರಗು ಸಿಕ್ಕಿಸಿದೆ. ಉಸ್ಮಾನ ಮಿಯಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನೋಡಿದರು.

"ನಿಮ್ಮ ಟೀಚರ್ ಹ್ಯಾಂಗ ಹಿಡೀತಿದ್ದರೋ ಹಂಗೇ ಹಿಡಿ" ಅಂದೆ.

"ಬೀಳ್ತೀರಿ ಮೇಡಂ."

"ಬೀಳ್ತೇನಿ."

ಅವಳ ಬಲ ಅಂಗೈ ನನ್ನ ಕತ್ತಿನ ಹಿಂದೆ ಬಂತು. ಹೆಬ್ಬೆರಳು ಕಿವಿಯ ಕೆಳಗೆ ಕೂತಿತು. ಎಡಗೈ ನನ್ನ ಮೊಣಕೈಯನ್ನು ಕೆಳಗಿನಿಂದ ಹಿಡಿಯಿತು. ಹಣೆಯನ್ನು ನನ್ನ ಹೆಗಲಿಗೆ ಒತ್ತಿದಳು. ಇದು ಆ ಹುಡುಗಿ ಕಲಿತದ್ದು. ಯಾರಿಂದ ಕಲಿತಳೋ ಅವಳ ಕೈ ಹೀಗೆ ನನ್ನ ಕತ್ತಿಗೆ ಒಂದು ಸಲವೂ ಬಂದಿರಲಿಲ್ಲ.

"ಎಳೀಲೇನ್ರಿ?"

ಇನ್ನೂ ಸ್ವಲ್ಪ ಹೊತ್ತು ಹಂಗೇ ಹಿಡಕೊಂಡಿರು ಅಂದೆ.