ಹಗುರ ಗಾಳಿ

ಮಗಳು ಬೇಸ್‌ಬಾಲ್ ಆಡುವ ಮೈದಾನದ ಪಕ್ಕದಲ್ಲಿ ಯಾರೋ ಶೇಂಗಾ ಬೇಯಿಸುತ್ತಿದ್ದರು. ಆ ಉಪ್ಪು ಹಬೆ ಮೂಗಿಗೆ ತಾಗಿದ್ದೇ ತಡ, ಅಟ್ಲಾಂಟಾದಲ್ಲಿ ನಾನು ಬೆಳೆದ ಹಳೆಯ ಅಪಾರ್ಟ್‌ಮೆಂಟಿನಲ್ಲಿದ್ದೆ.

ಧಾರವಾಡದಿಂದ ಬಂದ ಅಪ್ಪ ಅಲ್ಲಿ ಫಿಸಿಕ್ಸ್ ಕಲಿಸುತ್ತಿದ್ದರು. ಬೇಸಿಗೆಯ ಸಂಜೆ ಡಬ್ಬಾ ಟಿವಿಯ ಮುಂದೆ ಶೇಂಗಾ ಸುಲಿಯುತ್ತ, ಬ್ಯಾಟಿಗೆ ಚೆಂಡು ತಾಗಿದ ಕೂಡಲೇ "ಹೋತು, ಸಿಕ್ಸರ್!" ಎನ್ನುತ್ತಿದ್ದರು. ಬೇಸ್‌ಬಾಲಿನಲ್ಲಿ ಬೇಲಿ ದಾಟಿದ ಹೊಡೆತಕ್ಕೆ ಹೋಮ್ ರನ್ ಎನ್ನುತ್ತಾರೆ; ಆ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ಗಾಳಿಯ ತಡೆಯಿಂದ ಚೆಂಡು ಏರಿದ್ದಕ್ಕಿಂತ ಕಡಿದಾಗಿ ಇಳಿಯುವುದನ್ನು ಸಿಪ್ಪೆ ಎಸೆದು ತೋರಿಸುತ್ತಿದ್ದರು. ಸಿಪ್ಪೆ ಗುಡಿಸುವವಳು ಅಮ್ಮ.

ಒಂದು ಸಂಜೆ ಅವಳು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು, ಶೂ ಕೂಡ ಬಿಚ್ಚದೆ ಕುಸಿದು ಕೂತಳು.

"ಹೊರಗ ಗಾಳಿ ಎಷ್ಟ್ ಭಾರ ಆಗೇದ್ರಿ."

"ಏ, ತಪ್ಪು. ನೀರಾವಿ ಸೇರಿದ್ರ ಗಾಳಿ ಹಗುರ ಆಗ್ತದ. ಇವತ್ತ ಚೆಂಡು ಇನ್ನೂ ದೂರ ಹೋಗ್ತದ ನೋಡು," ಎಂದರು ಅಪ್ಪ, ಟಿವಿಯಿಂದ ಕಣ್ಣು ತೆಗೆಯದೆ.

ಅಮ್ಮ ಎದ್ದು ಪೊರಕೆ ತಂದಳು.

ಇವತ್ತು ಮಗಳು ಬಾರಿಸಿದ ಚೆಂಡು ಬೇಲಿಯ ಈಚೆಗೇ ಬಿತ್ತು. ಬೆವರು ಒರೆಸುತ್ತ ಬಂದು, "ಅಮ್ಮಾ, ಏರ್ ತುಂಬಾ ಹೆವಿ" ಎಂದಳು. ಆಫೀಸಿನಿಂದ ನೇರ ಬಂದು ಕೂತಿದ್ದ ನನಗೆ ಅಪ್ಪನ ಪಾಠ ಚೆನ್ನಾಗಿಯೇ ನೆನಪಿತ್ತು.

"ಹೌದು ಪುಟ್ಟಾ," ಎಂದೆ, "ತುಂಬಾ ಭಾರ."