ಬಾವಿಕಟ್ಟೆಯ ಕಾವಲು

ಮೈಲ್‌ಸಾಮಿ ಗೇಟಿನಾಚೆ ನಿಂತು ಕೈಮುಗಿದಾಗ ಚಿನ್ನತಾಯಿಗೆ ಮೊದಲು ಕಂಡದ್ದು ಅವನ ಎಡಹುಬ್ಬನ್ನು ಸೀಳಿದ್ದ ಗಾಯದ ಗುರುತು. ಎಂಟು ವರ್ಷದ ಹಿಂದೆ ಗಾಂಧಿಪುರಂನ ಜಮೀನು ದಲ್ಲಾಳಿಯೊಬ್ಬನ ಪರವಾಗಿ ಮಚ್ಚು ಹಿಡಿದು ಇದೇ ಅಂಗಳಕ್ಕೆ ನುಗ್ಗಿದ್ದ ಐವರಲ್ಲಿ ಇವನೂ ಒಬ್ಬ. ಅವತ್ತು ಅವಳ ಗಂಡ ನಡುಗುತ್ತಲೇ ರಸ್ತೆ ಬದಿಯ ನೆಲವನ್ನು ಬರೆದುಕೊಟ್ಟಿದ್ದ. ಗಂಡ ಈಗಿಲ್ಲ. ಮಗ, ಸೊಸೆ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋದರೆ ಪಲ್ಲಡಂ ಹತ್ತಿರದ ಈ ತೋಟದಲ್ಲಿ ಉಳಿಯುವವರು ಅವಳು ಮತ್ತು ಹತ್ತು ವರ್ಷದ ಮೊಮ್ಮಗಳು ತೆನ್ಮೊಳಿ.

"ಅಕ್ಕಾ, ಅದನ್ನೆಲ್ಲ ಬಿಟ್ಟು ಮೂರು ವರ್ಷ ಆಯ್ತು. ಸೂಲೂರಲ್ಲಿ ಮೋಟಾರ್ ವೈಂಡಿಂಗ್ ಮಾಡ್ತೀನಿ. ಭಾನುವಾರ ಬೆಳಗ್ಗೆ ನಿಮ್ಮ ಬಾವೀಲಿ ಊರ ಮಕ್ಕಳಿಗೆ ಈಜು ಕಲಿಸ್ಲಾ?"

ತನ್ನಂತೆ ಅವನೂ ಮನೆಯಲ್ಲಿ ಕನ್ನಡ ಆಡುವವನೆಂದು ಅವಳಿಗೆ ತಿಳಿದದ್ದು ಆಗಲೇ. ಅವತ್ತು ಬೆದರಿಸಿದ್ದು ತಮಿಳಿನಲ್ಲಿ.

"ಚುಮ್ಮಾ, ದುಡ್ಡಿಲ್ಲದೆ ಯಾಕೆ ಕಲಿಸ್ತೀಯಾ?" ಎಂದಳು.

ಅಟ್ಟಿಬಿಡಬೇಕೆಂದೇ ಇದ್ದಳು. ಆದರೆ ಹಿಂದಿನ ಬೇಸಿಗೆಯಲ್ಲಿ ಪಕ್ಕದೂರಿನ ಬಾವಿಯೊಂದರಲ್ಲಿ ಮಗುವೊಂದು ಮುಳುಗಿ ಸತ್ತಿತ್ತು. ಊರ ತಾಯಂದಿರು ಬಂದು ಬೇಡಿಕೊಂಡಾಗ ಇಲ್ಲವೆನ್ನಲಾಗಲಿಲ್ಲ.

ಅವನು ಮಕ್ಕಳ ಸೊಂಟಕ್ಕೆ ತೇಲಲೆಂದು ಖಾಲಿ ಪ್ಲಾಸ್ಟಿಕ್ ಕ್ಯಾನ್ ಕಟ್ಟಿ ಒಬ್ಬೊಬ್ಬರನ್ನೇ ನೀರಿಗಿಳಿಸುತ್ತಿದ್ದ. ಚಿನ್ನತಾಯಿ ಮಡಿಲಲ್ಲಿ ಕುಡುಗೋಲು ಇಟ್ಟುಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದಳು. ತೆನ್ಮೊಳಿ ಎಷ್ಟು ಅತ್ತರೂ ಅವಳನ್ನು ಬಾವಿಯ ಬಳಿ ಬಿಡಲಿಲ್ಲ. ಒಂದು ದಿನ ಅವನು ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಬಿಟ್ಟು ಚೀಟಿಯಲ್ಲಿ ಏನೋ ಬರೆದುಕೊಂಡ.

"ಏನು ಅಳೀತಿದ್ದೀಯಾ?"

"ನೀರು ಎಷ್ಟು ಇಳಿದಿದೆ ಅಂತಕ್ಕಾ. ಮಕ್ಕಳನ್ನ ಇಳಿಸೋಕೆ ಆಳ ಗೊತ್ತಿರ್ಬೇಕಲ್ಲ."

ತೋಟವನ್ನು ಕೊಳ್ಳುವ ಯಾರಿಗೋ ತೋರಿಸಲು ಲೆಕ್ಕ ಹಾಕುತ್ತಿದ್ದಾನೆ ಎಂದೇ ಅವಳಿಗೆ ಅನ್ನಿಸಿತು. ಮುಂದಿನ ವಾರ ಗೇಟಿನ ಬಳಿ ಬಿಳಿ ಕಾರು ಬಂದು ನಿಂತಿತು. ಒಳಗಿದ್ದವರು ನಗುತ್ತಾ ಅವನ ಹೆಗಲು ತಟ್ಟಿದರು. ಕಾರು ಹೋಗುವವರೆಗೆ ಕಾದು ಕೇಳಿದಳು:

"ಯಾರವರು?"

"ಹಳೇ ಜನ. ತಿರುಗಿ ಬಾ ಅಂತ ಕರೆದ್ರು. ಬರಲ್ಲ ಅಂದೆ."

"ನಾನು ನಂಬಬೇಕಾ?"

ಅವನು ಬಾವಿಯ ಮೆಟ್ಟಿಲ ಮೇಲೆ ಕೂತ. "ನಂಬಬೇಡಿ. ಐದು ವರ್ಷದ ಹಿಂದೆ ನಾವು ಕಲ್ಲುಕ್ವಾರಿ ಹತ್ರ ಕುಡೀತಾ ಕೂತಿದ್ವಿ. ಅಲ್ಲಿ ಒಂದು ಹುಡುಗಿ ನೀರಿಗೆ ಬಿದ್ಲು. ನನಗೆ ಈಜು ಬರ್ತಿತ್ತು. ಹಾರಿದ್ರೆ ಜನ ಸೇರ್ತಾರೆ, ಪೊಲೀಸ್ ಬರ್ತಾರೆ ಅಂತ ಕಾರು ಹತ್ತಿ ಹೋದ್ವಿ. ಅವಳು ಉಳೀಲಿಲ್ಲ. ಅವಳ ಅಮ್ಮ ತಮಿಳ್‌ಸೆಲ್ವಿ. ಬೇಕಾದ್ರೆ ಹೋಗಿ ಕೇಳಿ."

ಚಿನ್ನತಾಯಿ ಹೋಗಿಯೇ ಬಿಟ್ಟಳು. ಎರಡು ಬಸ್ಸು ಬದಲಾಯಿಸಿ, ಕ್ವಾರಿ ಊರಿನಲ್ಲಿ ವಿಚಾರಿಸಿಕೊಂಡು, ಶೀಟು ಹೊದಿಸಿದ ಮನೆಯ ಮುಂದೆ ನಿಂತಳು. ಮೈಲ್‌ಸಾಮಿಯ ಹೆಸರು ಕೇಳುತ್ತಲೇ ತಮಿಳ್‌ಸೆಲ್ವಿಯ ಮುಖ ಗಂಟಾಯಿತು.

"ಅವನೇ ಬಂದು ಹೇಳ್ದ. ಪೊರಕೆಯಿಂದ ಹೊಡೆದೆ. ಪೊಲೀಸ್ ಸ್ಟೇಷನ್‌ಗೂ ಬಾ ಅಂತ ಕರ್ಕೊಂಡು ಹೋದೆ. ಬಂದ. ಅವರು ಬರ್ಕೊಂಡ್ರು, ಕಳಿಸಿಬಿಟ್ರು," ಎಂದಳು ತಮಿಳಿನಲ್ಲಿ. "ನಾನು ಅವನನ್ನ ಕ್ಷಮಿಸಿಲ್ಲ. ಆದ್ರೆ ನನ್ನ ಚಿಕ್ಕವಳು ಈಗ ಈಜ್ತಾಳೆ. ಅವನೇ ಕಲಿಸಿದ್ದು. ಮೂರು ತಿಂಗಳು ನಾನು ಪಕ್ಕದಲ್ಲೇ ನಿಂತಿದ್ದೆ."

ಬಸ್ಸಿನಲ್ಲಿ ವಾಪಸು ಬರುವಾಗ ಚಿನ್ನತಾಯಿಗೆ ಸಮಾಧಾನವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಗಂಡ ನೆಲ ಬರೆದುಕೊಟ್ಟ ಆ ಹೊತ್ತೇ ಮತ್ತೆ ಮತ್ತೆ ಕಣ್ಣ ಮುಂದೆ ಬಂತು.

ಆ ಭಾನುವಾರ ತೆನ್ಮೊಳಿಯ ಕೈಹಿಡಿದು ತಾನೇ ಬಾವಿಗೆ ಕರೆದುಕೊಂಡು ಹೋದಳು. ಮೈಲ್‌ಸಾಮಿಗೆ ಬಿಡದೆ ಕ್ಯಾನಿನ ಹಗ್ಗವನ್ನು ತಾನೇ ಅವಳ ಸೊಂಟಕ್ಕೆ ಕಟ್ಟಿ, ಎರಡು ಸಲ ಎಳೆದು ನೋಡಿದಳು.

"ಇವಳಿಗೆ ಏನಾದ್ರೂ ಆದ್ರೆ ನಿನ್ನ ಬಿಡಲ್ಲ."

"ಸರಿ ಅಕ್ಕಾ," ಎಂದು ಅವನು ಮೊದಲು ತಾನು ನೀರಿಗಿಳಿದು ಎರಡೂ ಕೈ ಚಾಚಿದ.

ಈಗ ಇಪ್ಪತ್ತಮೂರು ಮಕ್ಕಳು ಕ್ಯಾನಿಲ್ಲದೆ ಬಾವಿಯ ಈ ಬದಿಯಿಂದ ಆ ಬದಿಗೆ ಈಜಿ ಹೋಗುತ್ತಾರೆ. ತೆನ್ಮೊಳಿ ಎಲ್ಲರಿಗಿಂತ ಮುಂದೆ. ಚಿನ್ನತಾಯಿ ಮಾತ್ರ ಇನ್ನೂ ಕಟ್ಟೆ ಬಿಟ್ಟು ಏಳುವುದಿಲ್ಲ.