ಹೊರಗ ಹೊಂಟವರನ್ನ ಕೇಳಬಾರದ ಮಾತು

ಹೊರಗ ಹೊಂಟವರನ್ನ "ಎಲ್ಲಿಗೆ?" ಅಂತ ಕೇಳಬಾರದು. ಕೇಳಿದ್ರ ಹೋದ ಕೆಲಸ ಕೆಡ್ತೈತಿ, ಹೋದವರಿಗೆ ಏನರೆ ಅಡ್ಡಿ ಬರ್ತೈತಿ ಅಂತ ನಮ್ಮ ಮಂದಿ ನಂಬಿಕಿ. ತೀರಾ ಕೇಳಲೇಬೇಕಂದ್ರ "ದೂರ ಹೊಂಟ್ರೇನ್ರಿ?" ಅಂತ ಸುತ್ತು ಹಾಕಿ ಕೇಳ್ತೇವಿ. ಅವರು "ಇಲ್ಲೇ ರೀ" ಅಂತಾರ. ಆ "ಇಲ್ಲೇ" ಅನ್ನೂದು ಮುಂಬೈನೂ ಆಗಿರಬಹುದು. ಖರೇ ಹೇಳ್ತೇನಿ, ನಾ ಇಂಥಾವೆಲ್ಲಾ ಭಾಳ ನಂಬಾಕಿ ಅಲ್ಲ. ಆದ್ರ ಮದುವ್ಯಾದ ಹೊಸದಾಗ ಒಮ್ಮೆ ಕೇಳಿ ನಮ್ಮ ಅತ್ತಿ ಕಡೆ ಬೈಸ್ಕೊಂಡಾಕಿ, ಅವತ್ತಿನಿಂದ ಆ ಮಾತು ನನ್ನ ಬಾಯಿಗೇ ಬರೂದಿಲ್ಲ. ಏನ್ ಮಾಡ್ಲಿ?

ಉಣಕಲ್ಲಿನ ನಮ್ಮ ಮನಿ ಮ್ಯಾಲಿನ ಖೋಲಿಗೆ ಪೋಲಂಡಿನ ಹುಡುಗಿ ಬಂದದ್ದು ಚಳಿ ಶುರು ಆಗೂ ಹೊತ್ತಿಗೆ. ಧಾರವಾಡದ ಯುನಿವರ್ಸಿಟಿಯೊಳಗ ಒಂದು ವರ್ಷ ಓದಾಕ ಬಂದಿದ್ಲು. ಪುಸ್ತಕ ಹಿಡಿದು ಕಲ್ತ ಕನ್ನಡ ಆಕಿದು. "ನಾನು ಊಟವನ್ನು ಮಾಡಿದ್ದೇನೆ" ಅಂತ ರೇಡಿಯೋದಾಗ ಸುದ್ದಿ ಓದಿದಂಗ ಮಾತಾಡ್ತಿದ್ಲು. ನನಗ ಮಾತ್ರ ನಮ್ಮ ಓಣಿ ಹುಡುಗರಂಗ ಕಾಕೂ ಅಂತಿದ್ಲು. ಕ್ಲಾಸು ಇಲ್ಲದ ದಿನ ಊರು ನೋಡಾಕ ಹೊರಡ್ತಿದ್ಲು. ಒಂದಿನ ಹುಬ್ಬಳ್ಳಿ ದುರ್ಗದಬೈಲು, ಒಂದಿನ ಧಾರವಾಡದ ಸಾಧನಕೇರಿ, ಇನ್ನೊಂದಿನ ಎರಡೂ ಊರಿನ ನಡುವ ಓಡೂ ಚಿಗರಿ ಬಸ್ಸು ಹತ್ತಿ ಈ ತುದಿಯಿಂದ ಆ ತುದೀತನಾ ಸುಮ್ನ ಹೋಗಿ ಬರೂದು. ಬಾಗಲಾಗ ಚಪ್ಪಲಿ ಮೆಟ್ಟಿ "ಹೋಗಿ ಬರುತ್ತೇನೆ ಕಾಕೂ" ಅಂತಿದ್ಲು. ಅಂದಮ್ಯಾಲೂ ಒಂದು ಗಳಿಗಿ ನಿಂತು ನನ್ನ ಮಾರಿ ನೋಡ್ತಿದ್ಲು. ನಾ "ಹೂಂ, ಲಗೂ ಬಾರವಾ" ಅಂತ ಒಳಗ ಹೋಗ್ತಿದ್ದೆ. ಯಾಕ ನಿಲ್ತಾಳ ಅಂತ ನನಗ ಎಂದೂ ಹೊಳೀಲಿಲ್ಲ.

ಬ್ಯಾಸಗಿ ಬಂತು. ಅವತ್ತ ಐತವಾರ. ಮುಂಜಾನಿ ಹಂಗs ಹೇಳಿ ಹೋದ್ಲು. ಮಧ್ಯಾಹ್ನಕ್ಕ ಊಟಕ್ಕ ಬರ್ಬೇಕಿತ್ತು, ಬರಲಿಲ್ಲ. ಬಿಸಲು ಅನ್ನೂದು ಉರಿಯಾಕತ್ತಿತ್ತು. ಒಮ್ಮಿಂದೊಮ್ಮೆಲೆ ನಮ್ಮ ಉಣಕಲ್ ಕೆರಿ ಮ್ಯಾಲೆ ಕತ್ತಲಿ ಕವಿದು, ಗಾಳಿ ಬಿಟ್ಟು, ಅಡ್ಡಮಳಿ ಶುರು ಆತು ನೋಡ್ರಿ. ಆಣಿಕಲ್ಲು ಬೇರೆ. ನಮ್ಮ ಮುಂದಿನ ರಸ್ತೆನs ಹಳ್ಳ ಆಗಿ ಹರಿಯಾಕತ್ತಿತು. ಆಕಿಗೆ ಫೋನ್ ಹಚ್ಚಿದ್ರ ಸ್ವಿಚ್ ಆಫ್.

ಮಳಿ ನಿಂತಿರ್ಲಿಲ್ಲ, ಅಷ್ಟರಾಗ ನಮ್ಮ ಓಣಿ ವಾಟ್ಸಾಪ್ ಗುಂಪಿನಾಗ ಒಂದು ಸುದ್ದಿ ಬಂತು. ಯಾವುದೋ ನಾಲಾದಾಗ ಹುಡುಗಿ ಒಬ್ಬಾಕಿ ಹರಕೊಂಡು ಹೋಗ್ಯಾಳಂತ. ಯಾವ ನಾಲಾ, ಯಾರ ಹುಡುಗಿ, ಒಂದೂ ಇಲ್ಲ. ಮತ್ತ ಆಕಿಗೆ ಫೋನ್ ಹಚ್ಚಿದೆ. ಹತ್ತಲಿಲ್ಲ.

ನಮ್ಮ ಮನಿಯವರು ರೇನ್‌ಕೋಟ್ ಹಾಕ್ಕೊಂಡು ಸ್ಕೂಟರ್ ತಗದ್ರು. ಗೇಟಿನ ತನಕ ಹೋಗಿ ನಿಂತ್ರು.

"ಯಾವ ಕಡೆ ಹೋಗ್ಲಿ?"

ಉಣಕಲ್ಲಿನಾಗ ಇರಾಕತ್ತಿ ಇಪ್ಪತ್ತು ವರ್ಷಕ್ಕೂ ಮ್ಯಾಲಾತು, ಇಂಥಾ ಪ್ರಶ್ನೆ ಒಮ್ಮೆನೂ ಬಂದಿರಲಿಲ್ಲ. ಎಡಕ್ಕ ಹೋದ್ರ ಧಾರವಾಡ, ಬಲಕ್ಕ ಹೋದ್ರ ಹುಬ್ಬಳ್ಳಿ. ನಾವು ನಡುವ.

"ನನಗೇನ್ ಗೊತ್ತು?" ಅಂದೆ.

"ಆಕಿನ್ನ ಕೇಳಲಿಲ್ಲೇನು?"

"ಹೊಂಟ ನಿಂತಾಕಿನ್ನ ಹೆಂಗ ಕೇಳೂದ್ರಿ? ನೀವೂ ಅಲ್ಲೇ ಪೇಪರ್ ಓದಾಕತ್ತಿದ್ರೆಲ್ಲಾ, ನೀವs ಕೇಳಬೇಕಿತ್ತು!"

"ಚಲೋ ಆತು. ಪರದೇಶದ ಕೂಸು, ನಮ್ಮನ್ನ ನಂಬಿ ಕಳಿಸ್ಯಾರ," ಅಂದು ಎಡಕ್ಕ ಹೊಳ್ಳಿಸಿದ್ರು. ಯುನಿವರ್ಸಿಟಿ ಆ ಕಡೆ ಐತಿ ಅನ್ನೂದೊಂದ ಆಧಾರ.

ನಾ ಒಬ್ಬಾಕಿ ಉಳಿದೆ. ಕಿಡಕಿ ಹಂತ್ಯಾಕ ನಿಂದ್ರೂದು, ಒಳಗ ಬರೂದು, ಮತ್ತ ನಿಂದ್ರೂದು. ಆಕಿಗೇನರೆ ಆತಂದ್ರ ಯಾವ ಮಾರಿ ಹೊತ್ತು ಆಕಿ ತಾಯಿಗೆ ಹೇಳ್ಲಿ ಅನ್ನೂದೊಂದs ತಲ್ಯಾಗ. ಆಗs ಫೋನ್ ಗುಣುಗುಟ್ಟಿತು. ವಿಡಿಯೋ ಕಾಲ್. ಅದs ತಾಯಿ.

ಐತವಾರಕ್ಕೊಮ್ಮೆ ಅವರು ಮಗಳಿಗೆ ಫೋನ್ ಮಾಡ್ತಿದ್ರು. ಮಗಳು ಸಿಗದಕ್ಕ ನನಗ ಹಚ್ಚಿದ್ರು. ಇಂಗ್ಲಿಷು ಅವರಿಗೂ ನನ್ನಂಗ ಅಷ್ಟಕ್ಕಷ್ಟ. ನನ್ನ ವಯಸ್ಸಿನಾಕಿ, ಕೂದಲಾ ಗಂಟು ಕಟ್ಟಿದ್ರು, ಕಣ್ಣು ಕೆಂಪಾಗಿದ್ವು. "ವೇರ್?" ಅಂದ್ರು. ಮತ್ತ "ವೇರ್?" ಅಂದ್ರು. ಗೊತ್ತಿಲ್ಲ ಅಂತ ಹೇಳಾಕ ಎದಿ ಆಗಲಿಲ್ಲ. "ಕಮಿಂಗ್, ಕಮಿಂಗ್" ಅಂದೆ. ಹಿಂದ ಸುರಿಯೂ ಮಳಿ ಕಾಣಬಾರದಂತ ಕಿಡಕೀಗೆ ಬೆನ್ನ ಕೊಟ್ಟೆ. ಅವರು ನಂಬಲಿಲ್ಲ, ನನಗ ಗೊತ್ತಾತು. ಕಾಲ್ ಕಟ್ ಮಾಡಿ ಅಲ್ಲೇ ನೆಲಕ್ಕ ಕುಂತೆ.

ದೀಪ ಹಚ್ಚೂ ಹೊತ್ತಿಗೆ ಗೇಟಿನ ಮುಂದ ಒಂದು ಆಟೋ ಬಂತು. ಓಡಿದೆ. ಹುಡುಗಿ ಇಳೀಲಿಕ್ಕ ಬಾರದs ಒದ್ದಾಡಾಕತ್ತಿದ್ಲು. ಮೈಯೆಲ್ಲಾ ರಾಡಿ, ಬಲಗಾಲಿಗೆ ದೊಡ್ಡ ಪಟ್ಟಿ. ಜೀವಂತ ಐತಲ್ಲಾ ಕೂಸು ಅಂತ ಒಂದು ಕಡೆ, ಎರಡು ಏಟು ಬಿಡಬೇಕು ಅನ್ನೂ ಸಿಟ್ಟು ಒಂದು ಕಡೆ. ಅಪ್ಪಿ ಹಿಡಕೊಂಡs ಬೈದೆ. "ಎಲ್ಲಿ ಸಾಯಾಕ ಹೋಗಿದ್ದೆವಾ!"

ಒಳಗ ಕೂಡ್ರಿಸಿ, ಮನಿಯವರಿಗೆ ಫೋನ್ ಮಾಡಿ ಕೂಸು ಬಂತು ಅಂತ ಹೇಳಿ, ತಲಿ ಒರಸಿ ಕೇಳಿದೆ. ಹುಬ್ಬಳ್ಳಿ ಕೇಶ್ವಾಪುರದಾಗ ಜಾರಿ ಗಟಾರಕ್ಕ ಬಿದ್ದಿದ್ಲಂತ. ಫೋನ್ ನೀರಾಗ ಹೋತು. ಯಾರೋ ಎತ್ತಿ ದವಾಖಾನಿಗೆ ಕರಕೊಂಡು ಹೋಗ್ಯಾರ.

"ಡಾಕ್ಟರ್ ನಮಗ ಸುದ್ದಿ ಮುಟ್ಟಿಸಬಾರದಿತ್ತೇನು?"

"ಕೇಳಿದರು," ಅಂದ್ಲು. "ಮನೆಯಲ್ಲಿ ಯಾರಾದರೂ ದಾರಿ ಕಾಯುತ್ತಾರಾ ಎಂದು ಕೇಳಿದರು. ಯಾರೂ ಇಲ್ಲ ಎಂದೆ."

ನನ್ನ ಕೈಯಾಗಿನ ಟವೆಲ್ ಹಂಗs ನಿಂತಿತು. "ಯಾರೂ ಇಲ್ಲಾ?"

"ನೀವು ಒಂದು ದಿನವೂ ಕೇಳಲಿಲ್ಲ, ಕಾಕೂ. ನಾನು ಬಾಗಿಲಲ್ಲಿ ನಿಲ್ಲುತ್ತಿದ್ದೆ. ನಮ್ಮ ಮನೆಯಲ್ಲಿ ಅಮ್ಮ ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ಎಂದು ಕೇಳದೆ ಬಿಡುವುದಿಲ್ಲ. ನೀವು ಕೇಳಲೇ ಇಲ್ಲ. ನಾನು ಬಂದರೂ ಬರದಿದ್ದರೂ ನಿಮಗೆ ಒಂದೇ ಎಂದು ತಿಳಿದೆ." ಮತ್ತ ಅಂದ್ಲು, "ಇವತ್ತು ಬೇರೆ ಕೋಣೆ ನೋಡಲು ಹೋಗಿದ್ದೆ."

ಯಾರರೆ ಕಪಾಳಕ್ಕ ಹೊಡದಿದ್ರ ಇಷ್ಟು ನೋಯತಿರಲಿಲ್ಲ. ನಾ ಹೇಳಾಕ ಹೋದೆ. ಕೇಳಿದ್ರ ನಿನಗ ಕೆಟ್ಟದ್ದ ಆಗ್ತೈತಿ ಅಂತ ಕೇಳೂದಿಲ್ಲ ತಂಗಿ, ನೀ ಸುಖಾ ಹೋಗಿ ಸುಖಾ ಬರಬೇಕಂತ ಕೇಳೂದಿಲ್ಲ. ಹೇಳ್ತಾ ಹೇಳ್ತಾ ನನಗs ಅದು ಹುಚ್ಚರ ಮಾತಿನಂಗ ಕೇಳಾಕತ್ತಿತು. ಆಕಿ ಕಣ್ಣು ದೊಡ್ಡವು ಮಾಡ್ಕೊಂಡು ನನ್ನs ನೋಡಾಕತ್ತಿದ್ಲು. ನಂಬಿದ್ಲೋ ಇಲ್ಲೋ ತಿಳೀಲಿಲ್ಲ.

ಫೋನ್ ಮತ್ತ ಬಂತು. ಆಕಿ ಕೈಗೆ ಕೊಟ್ಟೆ. ತಾಯಿ ಮಗಳನ್ನ ನೋಡಿ ಮದಲ ಅತ್ರು, ಆಮ್ಯಾಲೆ ಬೈದ್ರು. ಯಾವ ಭಾಷಾ ಆದ್ರೇನು, ಬೈಯೂದು ತಿಳೀತೈತಿ. ಆಮ್ಯಾಲೆ ನನ್ನ ಕಡೆ ಬೆಟ್ಟು ಮಾಡಿ ಏನೋ ಕೇಳಿದ್ರು.

"ಏನಂತಾರವಾ?"

"ನಾನು ಈ ಮನೆಯಲ್ಲಿ ಇರಬೇಕೋ, ಬಿಡಬೇಕೋ ಎಂದು ಕೇಳುತ್ತಾಳೆ."

ನಾ ಫೋನಿನ ಮುಂದ ಬಗ್ಗಿ ಕುಂತೆ. ಅಳು ತಡೀಲಿಲ್ಲ, ತಡಿಯಾಕೂ ಹೋಗಲಿಲ್ಲ. "ಅವರಿಗೆ ಹೇಳು," ಅಂದೆ. "ಮಧ್ಯಾಹ್ನದಿಂದ ನನ್ನ ಬಾಯಾಗ ಒಂದು ಹನಿ ನೀರ ಇಳದಿಲ್ಲ ಅಂತ ಹೇಳು. ಅಷ್ಟs ಹೇಳು, ಮುಂದಿಂದು ನಿಮಗ ಬಿಟ್ಟದ್ದು."

ಹುಡುಗಿ ಸಾವಕಾಶ ತನ್ನ ಭಾಷಾದಾಗ ಹೇಳಿದ್ಲು. ಅವರು ಸೆರಗಿಲ್ಲದಕ್ಕ ಅಂಗಿ ತೋಳಿಲೆ ಕಣ್ಣು ಒರಸಿಕೊಂಡು ನನ್ನನ್ನ ನೋಡಿದ್ರು. ಏನೋ ನಾಕು ಮಾತು ಅಂದ್ರು.

"ಏನಂದ್ರು?"

"ಅಮ್ಮನೂ ನೀರು ಕುಡಿದಿಲ್ಲವಂತೆ, ಕಾಕೂ."